ಮೂರನೇ ಸಾಲಿನ ನಗು

ಸಭೆಯಲ್ಲಿ ನಗು ತಾನಾಗಿ ಹುಟ್ಟುತ್ತದೆ ಅಂದುಕೊಂಡವರು ಪುಣ್ಯವಂತರು. ಅವರು ನಲಿನಿಯನ್ನು ಕಂಡವರಲ್ಲ. ಹೈದರಾಬಾದಿನ ಕನ್ನಡ ಸಂಘದಲ್ಲಿ ಅವಳ ಗಂಡ ನರಸಿಂಹನ ಹಾಸ್ಯ ಕಾರ್ಯಕ್ರಮ ಇದ್ದಾಗಲೆಲ್ಲ, ಹದಿನಾಲ್ಕು ವರ್ಷಗಳಿಂದ, ಮೂರನೇ ಸಾಲಿನ ಎಡತುದಿಯ ಕುರ್ಚಿಯಲ್ಲಿ ಕೂತು ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ಅವಳು ನಕ್ಕ ಮೇಲೆ ಪಕ್ಕದವರು, ಅವರಾದ ಮೇಲೆ ಹಿಂದಿನವರು, ಆಮೇಲೆ ಇಡೀ ಸಭೆ. ಹೆಂಡತಿ ಚೆನ್ನಾಗಿ ನಗುತ್ತಾಳೆ ಅಂತ ಜನರಿಗೆ ಗೊತ್ತಿತ್ತು. ನಗುವುದು ಅವಳ ಕೆಲಸ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಕೆಲಸವೇ ಮತ್ತೆ, ಇನ್ನೇನು! ಜನಕ್ಕೆ ನಗಬೇಕು ಅನಿಸಿದರೂ ಮೊದಲು ನಗಲು ನಾಚಿಕೆ, ಬೇರೆ ಯಾರಾದರೂ ಶುರು ಮಾಡಲಿ ಅಂತ ಕಾಯುತ್ತಾರೆ. ಒಂದು ಉಸಿರು ತಡವಾಯಿತೋ, ಹೇಳಿದ ಮಾತು ತಣ್ಣಗಾಯಿತು. ಒಂದು ಉಸಿರು ಮುಂಚೆಯಾಯಿತೋ, ಮಾತಿನ ತುದಿ ನಗುವಿನಲ್ಲೇ ಮುಳುಗಿಹೋಯಿತು. ಈ ಕಾರ್ಯಕ್ರಮಗಳು ಶುರುವಾದ ಹೊಸದರಲ್ಲಿ ನರಸಿಂಹ ಇದನ್ನೆಲ್ಲ ಅವಳಿಗೆ ಅಡುಗೆಮನೆಯಲ್ಲಿ ನಿಲ್ಲಿಸಿ ಕಲಿಸಿದ್ದ. ನಗಿಸುವ ಮಾತಿಗೆ ಮೊದಲು ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುತ್ತಾನೆ. ಮಾತು ಹೇಳುತ್ತಾನೆ. ಅವಳು ಮನಸ್ಸಿನಲ್ಲೇ ಒಂದು ಅಂತ ಎಣಿಸಿ ನಗಬೇಕು, ಎರಡು ಎಣಿಸುವ ಹಾಗಿಲ್ಲ. ವೇದಿಕೆಯಿಂದ ಅವನು ಅವಳ ಕಡೆ ನೋಡುವ ಹಾಗೂ ಇಲ್ಲ, ನೋಡಿದರೆ ಗುಟ್ಟು ರಟ್ಟಾಗುತ್ತದೆ.

ಎರಡು ಸಾವಿರದ ಇಸವಿಯ ಯುಗಾದಿ ಕಾರ್ಯಕ್ರಮ ಹಬ್ಬ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಇತ್ತು. ನಲಿನಿ ತನ್ನ ಕುರ್ಚಿಯಲ್ಲಿ ಕೂತಿದ್ದಳು, ಅಂಗೈ ಮಾತ್ರ ಬೆವರಿ ಒದ್ದೆಯಾಗಿತ್ತು. ಸೆರಗಿಗೆ ಒರೆಸಿಕೊಂಡಷ್ಟೂ ಮತ್ತೆ ಬೆವರುತ್ತಿತ್ತು. ಮೊದಲ ಸಾಲಿನಲ್ಲಿ, ಸಂಘದ ಕಾರ್ಯದರ್ಶಿ ಉಪೇಂದ್ರನ ಪಕ್ಕ, ಶುಭಾ ಕೂತಿದ್ದಳು. ನಲಿನಿಯ ಜೀವ ಹಿಡಿಯಷ್ಟಾಗಲು ಅದೊಂದೇ ಸಾಕಾಗಿತ್ತು.

ವಿಷಯ ಹೀಗೆ. ನಲಿನಿಗೆ ನಲವತ್ತೆರಡು ವಯಸ್ಸು. ಮದುವೆಗೆ ಮುಂಚೆ ಕಲಬುರಗಿಯಲ್ಲಿ ಟೈಪಿಂಗ್ ಹೈಯರ್ ಪಾಸು ಮಾಡಿದ್ದಳು, ಆಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳ ಸೇರಿತ್ತು. ಊರಿಗೆ ಊರೇ ಕಂಪ್ಯೂಟರ್ ಕಂಪ್ಯೂಟರ್ ಅನ್ನತೊಡಗಿದಾಗ ಅವಳಿಗೂ ಒಂದು ಹುಕಿ ಬಂತು. ನಲ್ಲಕುಂಟದಿಂದ ಬಸ್ಸು ಹಿಡಿದು ಅಮೀರ್‌ಪೇಟ್‌ಗೆ ಹೋದಳು. ಗೋಡೆ ಕಾಣದಷ್ಟು ಜಾವಾ, ಒರಾಕಲ್ ಬೋರ್ಡುಗಳು, ಮೆಟ್ಟಿಲ ತುಂಬ ಹಾಸ್ಟೆಲಿನ ಹುಡುಗರು. ಅವರ ನಡುವೆ ಸೀರೆ ಉಟ್ಟವಳು ಇವಳೊಬ್ಬಳೇ. ಸೇರಿದ್ದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಕೋರ್ಸಿಗೆ. ಅಮೆರಿಕದ ಡಾಕ್ಟರು ತನ್ನ ರೋಗಿಯ ವಿಷಯವನ್ನೆಲ್ಲ ಟೇಪಿಗೆ ಹೇಳುತ್ತಾನೆ, ಇಲ್ಲಿ ಕೂತವರು ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪು ಮಾಡಬೇಕು. ಕಿವಿ ಚುರುಕಿದ್ದರೆ ಮುಗಿಯಿತು.

ನಲಿನಿಯ ಕಿವಿ ಚುರುಕೇ. ಆದರೂ ಮೊದಲ ಪರೀಕ್ಷೆಯಲ್ಲಿ ಮಣ್ಣು ಮುಕ್ಕಿದಳು. ಟೇಪಿನ ಡಾಕ್ಟರು ಪ್ರತಿ ರೋಗಿಯನ್ನೂ ‘ಪ್ಲೆಸೆಂಟ್ ಲೇಡಿ’, ‘ಪ್ಲೆಸೆಂಟ್ ಜಂಟಲ್‌ಮನ್’ ಅಂತಲೇ ಶುರು ಮಾಡುತ್ತಿದ್ದ. ನಗುಮುಖದ ಹೆಂಗಸು, ಒಳ್ಳೆಯ ಮನುಷ್ಯ ಅಂತ ಅರ್ಥ. ಅವನ ಬಾಯಲ್ಲಿ ಆ ‘ಲ’ ಎಲ್ಲಿ ಸತ್ತುಹೋಯಿತೋ, ಇವಳಿಗೆ ಪ್ರತಿ ಸಲವೂ ‘ಪೆಸೆಂಟ್’ ಅಂತ ಕೇಳಿಸಿತು. ಪೆಸೆಂಟ್ ಅಂದರೆ ರೈತ. ಇಪ್ಪತ್ತೆರಡು ಜನ ರೋಗಿಗಳನ್ನು ಇಪ್ಪತ್ತೆರಡು ಜನ ರೈತರನ್ನಾಗಿ ಟೈಪು ಮಾಡಿ ಕೊಟ್ಟಳು. ಪಾಠ ಹೇಳುವಾತ ಅದನ್ನು ಕ್ಲಾಸಿಗೆಲ್ಲ ಗಟ್ಟಿಯಾಗಿ ಓದಿದ. ಮಗನ ವಯಸ್ಸಿನ ಹುಡುಗರು ಬೆಂಚು ಬಡಿದು ನಕ್ಕರು.

ಆ ಸಂಜೆ ಗಂಡನ ಮುಂದೆ ಅತ್ತಳು. ಅವನು ಬೆನ್ನು ಸವರಿದ, ಹೋಗಲಿ ಬಿಡು ಅಂದ, ಚಹಾ ಮಾಡಿಕೊಟ್ಟ. ಎಲ್ಲಾ ಸರಿ. ಆದರೆ ರೈತರ ಮಾತು ಬಂದಾಗ ಅವನ ಕಣ್ಣಲ್ಲಿ ಏನೋ ಫಳಕ್ಕಂದದ್ದನ್ನು ಅವಳು ಕಂಡಿದ್ದಳು. ಹೊಸ ಜೋಕು ಸಿಕ್ಕಾಗ ಅವನ ಕಣ್ಣು ಹಾಗಾಗುತ್ತದೆ.

ಅಳು ಮುಗಿಸಿ ನಲಿನಿ ಮತ್ತೆ ಕೂತಳು. ಅದೇ ಟೇಪನ್ನು ನೂರು ಸಲ ಕೇಳಿದಳು, ಆ ಡಾಕ್ಟರು ಎಲ್ಲಿ ಉಸಿರು ತೆಗೆಯುತ್ತಾನೆ ಅನ್ನುವುದೂ ಬಾಯಿಪಾಠವಾಯಿತು. ಐದು ತಿಂಗಳಾದ ಮೇಲೆ ಪಂಜಾಗುಟ್ಟದ ಒಂದು ಸೆಂಟರಿನಲ್ಲಿ ಪರೀಕ್ಷೆ ಕೊಟ್ಟು ಒಂದೇ ಒಂದು ತಪ್ಪಿಲ್ಲದೆ ಪಾಸಾದಳು. ಸೆಂಟರು ನಡೆಸುವವಳು ಈ ಶುಭಾ, ಹುಬ್ಬಳ್ಳಿ ಕಡೆಯವಳು, ನಲಿನಿಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಕಡ್ಡಿ ಮುರಿದ ಹಾಗೆ.

“ನಮ್ಮಲ್ಲೆ ಕಿವಿ ಮುಖ್ಯರೀ. ಒಂದು ಶಬ್ದ ತಪ್ಪಾದ್ರ ಅಲ್ಲೆ ರೋಗಿಗೆ ಬ್ಯಾರೆ ಔಷಧ ಹೋಗ್ತದ. ಹಿಂದ ಎಲ್ಲೆರ ಫೇಲಾಗಿರೇನು? ಆಗಿದ್ರ ಈಗ ಹೇಳ್ರಿ. ಫೇಲಾದವರನ್ನ ನಾ ತೊಗೊಳ್ಳೂದಿಲ್ಲ” ಅಂದಿದ್ದಳು.

“ಇಲ್ರೀ” ಅಂದುಬಿಟ್ಟಿದ್ದಳು ನಲಿನಿ. ಯೋಚಿಸಿ ಹೇಳಿದ್ದಲ್ಲ, ಬಾಯಿ ತಾನೇ ಹೇಳಿತು. ಸೋಮವಾರ ಬಂದು ಸೇರಿಕೊಳ್ಳಿ ಅಂತ ಆಯಿತು. ಸೋಮವಾರ ಅಂದರೆ ನಾಳೆ.

ಈ ಭಾನುವಾರ ಬೆಳಿಗ್ಗೆ, ಸಂಘಕ್ಕೆ ಹೊರಡುವ ಮುಂಚೆ, ನರಸಿಂಹ ಕನ್ನಡಿ ಮುಂದೆ ನಿಂತು ಗಡ್ಡ ಮಾಡಿಕೊಳ್ಳುತ್ತಿದ್ದಾಗ ಅವಳು ಬಾಗಿಲಿಗೆ ಆತು ನಿಂತಿದ್ದಳು.

“ಆ ರೈತರ ಐಟಂ ಇವತ್ತ ಬ್ಯಾಡ್ರೀ.”

“ಹೊಸಾದು ಅಂತ ನನ್ನ ಕಡೆ ಇರೋದು ಅದೊಂದ, ನಲಿನಿ. ದೀಪಾವಳಿಗೆ ಏನಾತು ನೋಡಿದ್ಯಲ್ಲಾ? ಆ ಸಾಫ್ಟ್‌ವೇರ್ ಹುಡುಗರು ಎದ್ದು ಹೊರಗ ಹೋಗಿ ನಿಂತ್ರು. ಕೂತವರು ಕೆಮ್ಮಿದ್ರು. ಈ ಸಲಾ ನೋಡಿ ಮುಂದಿನ ವಿಚಾರ ಅಂತ ಉಪೇಂದ್ರ ಬಾಯಿಬಿಟ್ಟ ಹೇಳ್ಯಾನ.”

“ಶುಭಾ ಅವರು ಬರ್ತಾರ. ನಾ ಎಲ್ಲೂ ಫೇಲಾಗಿಲ್ಲಂತ ಅವರಿಗೆ ಹೇಳೀನಿ.”

“ಹೆಸರೆಲ್ಲೆ ಹೇಳ್ತೀನಿ? ಮನಿಯಾಕಿ ಅಂತೀನಿ ಅಷ್ಟ.”

“ನಿಮಗ ಇರಾಕಿ ಒಬ್ಬಾಕಿನ ಮನಿಯಾಕಿ!”

ಅವನು ರೇಜರ್ ಇಳಿಸಿ ಜೋರಾಗಿ ನಕ್ಕ. “ಛಲೋ ಅಂದಿ! ಇದನ್ನೂ ಸೇರಿಸ್ತೀನಿ” ಅಂದ. ಈ ಮನುಷ್ಯನಿಗೆ ಏನು ಹೇಳುವುದು! ನಲಿನಿಗೆ ಸಿಟ್ಟು ನೆತ್ತಿಗೇರಿತು, ಬೈಯಲು ಬಾಯಿ ತೆರೆದಳು. ಆಗ ಅವನು ಗದ್ದದ ಮೇಲೆ ಎರಡು ಕಡೆ ಕುಯ್ದುಕೊಂಡಿರುವುದು ಕಾಣಿಸಿತು. ಹತ್ತಿ ತರಲು ಒಳಗೆ ಹೋದಳು.

ಈಗ ಅವನು ವೇದಿಕೆಯ ಮೇಲಿದ್ದ. ಮೊದಲು ಬಸ್ಸಿನ ಕಂಡಕ್ಟರನ ಹಳೆಯ ಐಟಂ ಹೇಳಿದ. ನಲಿನಿ ಒಂದು ಎಣಿಸಿ ನಕ್ಕಳು, ನಗು ಎರಡು ಸಾಲು ಹೋಗಿ ಸತ್ತಿತು. ಬೀಗರ ಊಟದ್ದು ಹೇಳಿದ. ಹಿಂದೆ ಯಾರೋ ಕೆಮ್ಮಿದರು, ಮತ್ಯಾರೋ ಕುರ್ಚಿ ಸರಿಸಿದರು. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ಇಲ್ಲಿಗೂ ಕಾಣುತ್ತಿತ್ತು. ಪಾಪ ಅನಿಸಿತು, ಹೆದರಿಕೆಯೂ ಆಯಿತು. ಹಳೆಯದು ಸೋತಷ್ಟೂ ಅವನು ಹೊಸದರ ಕಡೆ ಓಡುತ್ತಾನೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಓಡಿಯೇಬಿಟ್ಟ.

“ನಮ್ಮ ಮನಿಯಾಕಿ ಈಗ ಕಂಪ್ಯೂಟರ್ ಕಲ್ತಾಳ್ರೀ. ಎರಡೂ ಕಿವಿಗೆ ಬಟ್ಟಲಾ ಹಾಕ್ಕೊಂಡು ಕೂಡ್ತಾಳ. ಇಪ್ಪತ್ತು ವರ್ಷ ನಾ ಹೇಳಿದ್ದು ಒಂದೂ ಕಿವಿಗೆ ಹಾಕ್ಕೊಂಡಾಕಿ ಅಲ್ಲ, ಈಗ ಅಮೆರಿಕಾದಾಂವ ಹೇಳಿದ್ದೆಲ್ಲಾ ಹಾಕ್ಕೊಳ್ಳಿಕತ್ತಾಳ!”

ನಲಿನಿ ರೂಢಿಯಿಂದ ನಕ್ಕಳು. ಈ ಸಲ ನಗು ಕೊನೆಯ ಸಾಲಿನವರೆಗೂ ಹೋಯಿತು. ಬಾಗಿಲಲ್ಲಿ ನಿಂತಿದ್ದ ಸಾಫ್ಟ್‌ವೇರ್ ಹುಡುಗರೂ ಒಳಗೆ ಬಂದು ಕೂತರು. ಶುಭಾ ನಗುತ್ತಲೇ ಹಿಂದೆ ತಿರುಗಿ, ನೀವೇ ತಾನೇ ಅನ್ನುವ ಹಾಗೆ ನಲಿನಿಗೆ ಕೈ ಮಾಡಿದಳು.

“ಅಲ್ಲೆ ಒಬ್ಬ ಡಾಕ್ಟರ್ ಇದ್ದಾನ್ರೀ. ಟೇಪಿನ್ಯಾಗ ಒಂದು ಶಬ್ದ ಹೇಳ್ತಾನ. ಭಾಳ ಸಣ್ಣ ಶಬ್ದ. ಪರೀಕ್ಷಾದಾಗ ನಮ್ಮಾಕಿ ಅದನ್ನ ಏನಂತ ಬರದ್ಲು, ಗೊತ್ತದೇನ್ರಿ?”

ನರಸಿಂಹ ಕನ್ನಡಕ ತೆಗೆದ. ಸಭೆ ಗಪ್‌ಚಿಪ್ಪಾಯಿತು. ಎರಡು ವರ್ಷದಲ್ಲಿ ಇಂಥ ಮೌನ ಅವನಿಗೆ ಸಿಕ್ಕಿರಲಿಲ್ಲ, ಜನ ಮುಂದಕ್ಕೆ ಬಾಗಿ ಕಾಯುವ ಮೌನ ಅದು. ಮಾತು ಹೊರಬಿದ್ದರೆ ಸೂರು ಹಾರಿಹೋಗುತ್ತದೆ ಅಂತ ನಲಿನಿಗೆ ಗೊತ್ತಾಯಿತು. ಅವನು ಗೆಲ್ಲುತ್ತಾನೆ. ನಾಳೆಯ ಪಂಜಾಗುಟ್ಟದ ಬಸ್ಸು ಅವಳ ಪಾಲಿಗೆ ಇರುವುದಿಲ್ಲ. ಅವನು ನಿಧಾನವಾಗಿ ಗಾಜು ಒರೆಸಿದ. ಕನ್ನಡಕ ಹಾಕಿಕೊಂಡ. ಬಾಯಿ ತೆರೆದ.

ನಲಿನಿ ನಕ್ಕುಬಿಟ್ಟಳು.

ಮೊದಲು ಬಿಕ್ಕಳಿಕೆಯ ಹಾಗೆ ಬಂತು, ಆಮೇಲೆ ಹಿಡಿದರೂ ನಿಲ್ಲಲಿಲ್ಲ. ಪಕ್ಕದ ಹೆಂಗಸು ಮಾತು ತನಗೊಬ್ಬಳಿಗೇ ಕೇಳಿಸಲಿಲ್ಲ ಅಂದುಕೊಂಡು ತಾನೂ ನಕ್ಕಳು. ಹಿಂದಿನ ಸಾಲು ನಕ್ಕಿತು. ಎಲ್ಲರೂ ನಕ್ಕರು. ನರಸಿಂಹ ಕೈ ಎತ್ತಿ ಕಾದ. ನಗು ಇಳಿಯುವ ತನಕ ಕಾಯಬೇಕು ಅನ್ನುವುದು ಅವನಿಗೆ ಹೊಸದೇನಲ್ಲ. ಇಳಿಯಿತು ಅನ್ನುವಾಗ “ಏನಂತ ಬರದ್ಲು ಅಂದ್ರ—” ಅಂದ. ನಲಿನಿ ಮತ್ತೆ ಶುರು. ಈಗ ಜನ ನಗುತ್ತಿದ್ದದ್ದು ಅವಳನ್ನು ನೋಡಿ. “ಅಯ್ಯ, ಮಾತು ಮುಗಸ್ಲಿಕ್ಕೆ ಬಿಡ್ರೆವ್ವಾ!” ಅಂತ ಯಾರೋ ಮುದುಕಿ ಕೂಗಿದಳು, ಅದಕ್ಕೂ ನಕ್ಕರು. ಮೂರನೇ ಸಲ ಅವನು ಬಾಯಿ ತೆರೆದಾಗಲೂ ಅಷ್ಟೇ.

ಆಗ ನರಸಿಂಹ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ವೇದಿಕೆಯಿಂದ ಹೆಂಡತಿಯ ಕಡೆ ನೋಡಿದ. ಅವಳ ಬಾಯಿ ನಗುತ್ತಿತ್ತು, ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಕೈಮುಗಿದು ಒಳಗೆ ಹೋಗಿಬಿಟ್ಟ. ಚಪ್ಪಾಳೆ ಬಿದ್ದದ್ದೇ ಬಿದ್ದದ್ದು.

ನಲಿನಿ ಪರದೆಯ ಹಿಂದೆ ಹೋದಾಗ ಅವನು ಗೋಡೆ ಹಿಡಿದು ನಿಂತಿದ್ದ.

“ಬೇಕಂತನ ಮಾಡಿದಿ.”

“ಹೌದು.”

“ಎಂಥಾ ಜಾಗಾದಾಗ ತಂದು ನಿಲ್ಲಿಸಿದ್ದೆ! ಆ ಮಾತು ಹೊರಗ ಬಿದ್ದಿದ್ರ ಇಡೀ ಸಭಾ ನಂದ ಆಗ್ತಿತ್ತು.”

“ಗೊತ್ತದ. ಇಷ್ಟ ವರ್ಷ ನೀವು ಹೇಳಿದಲ್ಲೆ ನಕ್ಕೀನ್ರೀ. ಇವತ್ತೊಂದು ದಿನ ನನಗ ಬೇಕಾದಲ್ಲೆ ನಕ್ಕೆ.”

ಅವನ ಮುಖ ಕೆಂಪಾಯಿತು. ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಉಪೇಂದ್ರ ಬಂದು ಅವನ ತೋಳು ಹಿಡಿದು ಊಟಕ್ಕೆ ಎಳೆದುಕೊಂಡು ಹೋದ.

ನಲಿನಿ ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದಳು. ಎಲ್ಲಿಯ ಮುಗಿಯುವುದು! ಹಿತ್ತಲ ಶಾಮಿಯಾನದಡಿ ತಟ್ಟೆ ಹಿಡಿದ ಜನ ನರಸಿಂಹನ ಸುತ್ತ ಕೋಟೆ ಕಟ್ಟಿದ್ದರು. “ಅಲ್ರೀ ರಾಯರ, ಆ ಶಬ್ದ ಯಾವುದು? ಹೇಳಿಬಿಡ್ರಿ, ಇಲ್ಲಂದ್ರ ಹೋಳಿಗಿ ಒಳಗ ಇಳಿಯೂದಿಲ್ಲ” ಅಂತ ಉಪೇಂದ್ರ ದುಂಬಾಲು ಬಿದ್ದ. ಆ ಹುಡುಗರೂ ಹತ್ತಿರ ಬಂದರು. ಗುಂಪಿನ ಒಳಗೇ ಇದ್ದಳು ಶುಭಾ.

“ಹೌದ್ರೀ, ನಾನೂ ಕೇಳಬೇಕಂತಿದ್ದೆ. ಅದು ಯಾವ ಪರೀಕ್ಷಾ?” ಅಂದವಳು, ನಗು ನಿಲ್ಲಿಸಿ ನಲಿನಿಯ ಕಡೆ ನೋಡಿದಳು.

ನಲಿನಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಇಲ್ಲಿ ನಕ್ಕರೆ ಹುಚ್ಚಿ ಅನ್ನುತ್ತಾರೆ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಗಂಡನಿಗೆ ಸಿಟ್ಟು ಇನ್ನೂ ಆರಿಲ್ಲ, ಎದುರಿಗೆ ಬಾಯಿ ತೆರೆದು ಕಾಯುತ್ತಿರುವ ಇಪ್ಪತ್ತು ಜನ ಇದ್ದಾರೆ. ಹೇಳಬೇಕಾದದ್ದು ಒಂದು ಶಬ್ದ.

ನರಸಿಂಹ ಎಲ್ಲರನ್ನೂ ಒಂದು ಸುತ್ತು ನೋಡಿದ.

“ಅದಾ? ಡಾಕ್ಟರ್ ಫೀವರ್ ಅಂದಾ. ನಮ್ಮಾಕಿ ಫೀವರ್ ಅಂತನ ಬರದ್ಲು.”

ಯಾರೂ ನಗಲಿಲ್ಲ.

“ನಿಮ್ಮ ಸೆಂಟರಿನ ಪರೀಕ್ಷಾನ ಅದು, ಶುಭಾ ಅವರ. ಒಂದೂ ತಪ್ಪಿಲ್ಲ. ಬ್ಯಾರೆ ಯಾವ ಪರೀಕ್ಷಾ ಬರದಾಳ ಆಕಿ!”

“ಇಷ್ಟನಾ?” ಅಂದ ಉಪೇಂದ್ರ.

“ಇಷ್ಟ.”

ಯಾರೋ ಕೆಮ್ಮಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೊಸರನ್ನದ ಕಡೆ ನಡೆದರು. ಗುಂಪು ಕರಗಿತು. ಶುಭಾ “ಹಂಗಾರ ನಾಳೆ ಒಂಬತ್ತಕ್ಕ ಬರ್ರಿ, ತಡಾ ಮಾಡಬ್ಯಾಡ್ರಿ” ಅಂತ ನಲಿನಿಗೆ ಹೇಳಿ ಹೊರಟಳು. ಉಪೇಂದ್ರ ನಾಲ್ಕು ಹೆಜ್ಜೆ ಆಚೆ ಹೋಗಿ ಖಜಾಂಚಿಗೆ, “ದಸರಾಕ್ಕ ಬ್ಯಾರೆ ಯಾರನ್ನರ ನೋಡೂಣು. ಇವರದು ಮುಗೀತು” ಅಂದ. ದನಿ ತಗ್ಗಿಸಿದ್ದ, ಆದರೆ ಸಾಕಾಗಲಿಲ್ಲ. ನರಸಿಂಹನಿಗೂ ಕೇಳಿಸಿತು ಅಂತ ನಲಿನಿಗೆ ಗೊತ್ತಾಯಿತು.

ಅವಳು ಹೋಗಿ ಅವನ ಪಕ್ಕ ನಿಂತಳು.

“ಆ ಫೀವರ್ ಜೋಕು ಭಾಳ ಕೆಟ್ಟದಿತ್ತಲ್ಲಾ?” ಅಂದ ಅವನು, ತಟ್ಟೆಯಿಂದ ತಲೆ ಎತ್ತದೆ.

“ಭಾಳ,” ಅಂದಳು ನಲಿನಿ.

ಅವನು ಹೂಂ ಅಂದು, ತಣ್ಣಗಾಗಿದ್ದ ಅನ್ನ ಕಲಸತೊಡಗಿದ.