ಗಂಟೆ ಕಟ್ಟಿದ ನಾಯಿ

ಗಂಭೀರವಾಗಿ ತೀರ್ಮಾನಿಸಬೇಕಾದ ಸಂಗತಿಯೊಂದು ಆ ಬೆಳಗ್ಗೆ ಸೈಮಾಳ ಮುಂದಿತ್ತು: ತಮ್ಮ ಆರ್ವಿಡ್‌ನ ಮೀಸೆಯ ಬಲತುದಿಗೆ ಸಿಕ್ಕಿಕೊಂಡಿದ್ದ ಏಲಕ್ಕಿ ಬ್ರೆಡ್ಡಿನ ಚೂರಿನ ವಿಷಯವನ್ನು ಅವನಿಗೆ ತಿಳಿಸುವುದೋ ಬಿಡುವುದೋ, ತಿಳಿಸಿದರೆ ಒರೆಸಿಕೊಳ್ಳುತ್ತಾನೆ, ಒರೆಸಿಕೊಂಡರೆ ಮನುಷ್ಯನ ಹಾಗೆ ಕಾಣುತ್ತಾನೆ, ಹಾಗೆ ಕಂಡರೆ ಅವನ ಮಾತಿಗೂ ತೂಕ ಬಂದುಬಿಡುತ್ತದೆ, ಬೇಡ, ಅಲ್ಲೇ ಇರಲಿ, ಅರವತ್ತೆಂಟು ವರ್ಷವಾದರೂ ತಿಂದದ್ದು ಬಾಯಿಗೆ ಹೋಯಿತೋ ಮೀಸೆಗೆ ಹೋಯಿತೋ ತಿಳಿಯದ ಗಂಡಸು, ಇವನು ಬಂದಿದ್ದಾನೆ ನನ್ನ ನಾಯಿಯ ಪರೀಕ್ಷೆ ಮಾಡಲು — ಮಣ್ಣುರಸ್ತೆಯ ಅಂಚಿನಲ್ಲಿ ಗಾಡಿಯ ಬಾಗಿಲು ತೆರೆದಿದೆ, ಹನ್ನೊಂದು ತಿಂಗಳ ಟೂಲಿ ಒಳಗಿಂದ ಮೂತಿ ಚಾಚಿ ಸುಪೀರಿಯರ್ ಸರೋವರದ ಕಡೆಯಿಂದ ಬರುವ ಅಕ್ಟೋಬರಿನ ಗಾಳಿಯನ್ನು ಗುಟುಕರಿಸುತ್ತಿದೆ, ಬಿಳಿ ಮೈಮೇಲೆ ಯಾರೋ ಮಸಿ ಕೊಡವಿದ ಹಾಗೆ ಚುಕ್ಕೆ, ಕೊರಳಲ್ಲಿ ಹಿತ್ತಾಳೆ ಗಂಟೆ, ಗಂಟೆಯ ಪಕ್ಕ ಆರ್ವಿಡ್ ಹಟ ಹಿಡಿದು ಕಟ್ಟಿದ ಕಿತ್ತಳೆ ಬಣ್ಣದ ಪಟ್ಟಿ, ಅದರಿಂದ ಬಾಲದ ಹಾಗೆ ಹೊರಟ ಒಂದು ಆಂಟೆನಾ ಕಡ್ಡಿ, ಅದಕ್ಕೆ ಜೋಡಿಯಾಗಿ ಆರ್ವಿಡ್‌ನ ಕೈಯಲ್ಲಿ ಪುಟ್ಟ ಪರದೆಯ ಪೆಟ್ಟಿಗೆ. ಅಕ್ಕಾ, ಈ ಪೆಟ್ಟಿಗೇನ ನೀನೇ ಇಟ್ಕೋ, ನಾಯಿ ನಿಂತ ತಕ್ಷಣ ಅಂಗೈಯಲ್ಲಿ ನಡುಗುತ್ತೆ, ಯಾವ ಕಡೆ, ಎಷ್ಟು ದೂರ, ಎಲ್ಲಾ ತೋರಿಸುತ್ತೆ. ನಿನ್ನ ಟಿವಿ ನೀನೇ ನೋಡ್ಕೊಂಡು ಕೂತಿರೋ, ನಾನು ಬೇಟೆಗೆ ಬಂದಿದೀನಿ. ನಿಜಕ್ಕೂ ಟಿವಿಯೇ, ಡೆಟ್ರಾಯ್ಟ್ ಕಡೆಯಿಂದ ಬರುವ ಹಲ್ಲಿನ ಡಾಕ್ಟರುಗಳ ಕೈಯಲ್ಲೂ ಇದೇ, ಪ್ಯಾಂಟಿನ ಇಸ್ತ್ರಿ ಗೆರೆ ಮುರಿಯದ ಹಾಗೆ ಕಾಡಿಗೆ ಇಳಿಯುತ್ತಾರೆ, ತಲೆ ಎತ್ತದೆ ನಡೆದು ಮರಕ್ಕೆ ಹಾಯುತ್ತಾರೆ, ಮರಕ್ಕೇ ಬೈಯುತ್ತಾರೆ. ಇದರಲ್ಲಿ ತಿಳಿಯದಿರುವುದು ಏನಿದೆ, ನಾಯಿ ಪೊದೆಯೊಳಗೆ ಕಾಣದೆ ಓಡುತ್ತದೆ, ಗಂಟೆ ಬಾರಿಸುತ್ತದೆ, ಹಕ್ಕಿಯ ವಾಸನೆ ಸಿಕ್ಕಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ, ಗಂಟೆಯೂ ನಿಲ್ಲುತ್ತದೆ, ಸದ್ದು ಅಡಗಿದ ಜಾಗಕ್ಕೆ ನೀನು ಹೋಗುತ್ತೀಯ, ಹಕ್ಕಿ ಏಳುತ್ತದೆ, ಹೊಡೆಯುತ್ತೀಯ, ಅಷ್ಟೇ, ಎರಡು ಕಿವಿ ಇದ್ದರೆ ಸಾಕು. ಮೂವತ್ತೊಂದು ವರ್ಷ ಜಿಲ್ಲೆಯ ಹಿಮ ತೆಗೆಯುವ ಲಾರಿಗಳ ವೈರ್‌ಲೆಸ್ ಮುಂದೆ ಕೂತವಳು ಸೈಮಾ, ಎಂಜಿನ್ನಿನ ಸದ್ದಿನಲ್ಲೇ ಯಾವ ಲಾರಿ ಎಂದು ಹೇಳುತ್ತಿದ್ದಳು, ಮೂರನೇ ಮಾತಿಗೆ ಡ್ರೈವರ್ ಕುಡಿದಿದ್ದಾನೋ ಇಲ್ಲವೋ ಎಂದೂ, ಆ ಕಿವಿಗೆ ಇವನು ಪೆಟ್ಟಿಗೆ ಕೊಡುತ್ತಾನಂತೆ. ಮಾತು ಮಾತೇ ಅಕ್ಕಾ, ಇವತ್ತು ನಿಲ್ಲದಿದ್ರೆ ಟೂಲಿ ನನ್ನ ಗಾಡೀಲಿ ಬರುತ್ತೆ, ನೀನು ಓಡೋಕೆ ಬಿಟ್ಟು ಬಿಟ್ಟು ಅದನ್ನ ಕೆಡಿಸ್ತಿದೀಯ, ಕಾಗದದಲ್ಲಿ ಬರ್ದಿದೆ.

ಬರೆದಿದೆ, ಹೌದು, ಬದುಕಿನಲ್ಲಿ ಒಂದು ಕಾಗದವನ್ನೂ ಪೂರ್ತಿ ಓದದವನು ಇದೊಂದನ್ನು ಎರಡು ಸಲ ಓದಿದ್ದಾನೆ, ಮಿನೆಸೋಟಾದಲ್ಲಿ ಮರಿ ಮಾರುವ ಆ ಹುಡುಗಿ ಹಲಗೆಗೆ ಸಿಕ್ಕಿಸಿ ಮುಂದೊಡ್ಡಿದ ಕಾಗದ, ನಿಮಗೀಗ ಎಪ್ಪತ್ತಮೂರು, ನಾಯಿ ಹದಿನಾಲ್ಕು ವರ್ಷ ಬದುಕುತ್ತೆ, ಯೋಚನೆ ಮಾಡಿದೀರಾ ಅಮ್ಮಾ, ಮಾಡಿದೀನಿ ಕಣಮ್ಮಾ, ಎಂಬತ್ತೇಳಾಗುತ್ತೆ, ನೀನು ಎಷ್ಟಕ್ಕೆ ಹೋಗ್ಬೇಕು ಅಂತಿದೀಯ ಹೇಳು — ಹುಡುಗಿ ನಗಲಿಲ್ಲ, ಈ ಕಾಲದವರಿಗೆ ನಗುವುದಕ್ಕೂ ಯಾರಾದರೂ ತರಬೇತಿ ಕೊಡಬೇಕು, ಎಪ್ಪತ್ತು ದಾಟಿದವರು ಕೊಂಡರೆ ಇನ್ನೊಬ್ಬರು ರುಜು ಹಾಕಬೇಕು, ಮೊದಲ ಬೇಟೆಯ ಕಾಲದಲ್ಲಿ ನಾಯಿ ಪಳಗದಿದ್ದರೆ ರುಜು ಹಾಕಿದವರ ಪಾಲಿಗೆ, ಹಾಕಿದವನು ಇವನು. ಪಳಗಿಸುವುದು ಎಂದರೆ ಏನೆಂದು ಆ ಹಲಗೆಗೆ ಗೊತ್ತೇ, ಚಳಿಗಾಲವೆಲ್ಲ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ, ಊಟದ ಬಟ್ಟಲಿಗೆ ಮೂರಡಿ ದೂರದಲ್ಲಿ ಮರಿಯ ಎದೆ ಹಿಡಿದು, ನಿಲ್ಲು, ಟೂಲಿ, ನಿಲ್ಲು, ಮತ್ತೆ ಒಲೆಯ ಸರಳು ಹಿಡಿದು ಏಳುವಾಗ ಮಂಡಿ ಸಿಡಿದ ಸದ್ದಿಗೆ ಮರಿ ಬಟ್ಟಲಿಗೆ ಹಾರಿತು, ಅಜ್ಜಿಯ ಮಂಡಿ ಸಿಡಿದರೆ ಊಟ ಎಂದು ಕಲಿತುಬಿಟ್ಟಿತು, ಅದನ್ನು ಮರೆಸಲು ಹದಿನೆಂಟು ದಿನ. ಗಾಳದ ಕೋಲಿಗೆ ಪಾರಿವಾಳದ ರೆಕ್ಕೆ ಕಟ್ಟಿ ಹುಲ್ಲಿನ ಮೇಲೆ ಹಾರಿಸಿದ್ದು, ಮರಿ ಎರಡು ಕನ್ನಡಕ ಅಗಿದದ್ದು, ಫೋನಿನ ವಿಡಿಯೋದಲ್ಲಿ ಒಬ್ಬ ತರಬೇತುದಾರ ಬಂದು ಮೊದಲು ನಿಮ್ಮ ಮನಸ್ಸು ಪ್ರಶಾಂತವಾಗಿರಲಿ ಎಂದದ್ದು, ಅವನ ಹಲ್ಲೆಷ್ಟು ಬೆಳ್ಳಗೆ, ಅವನ ನಾಯಿಗೆ ಅವನಿಗಿಂತ ಬೇಗ ಆಕಳಿಕೆ ಬಂತು. ಇದಕ್ಕೆ ಮುಂಚೆ ನಾಲ್ಕು ನಾಯಿ ಪಳಗಿಸಿದ್ದಾಳೆ, ನಾಲ್ಕೂ ಈ ಗಂಟೆಯಲ್ಲೇ. ಆದರೆ ಈ ತಿಂಗಳು ಟೂಲಿ ಮೂರು ಸಲ ನಿಲ್ಲದೆ ಹಕ್ಕಿಯ ಮೇಲೇ ಓಡಿತು, ಮೂರು ಸಲವೂ ಗಂಟೆ ನಿಂತದ್ದೇ ಇಲ್ಲ, ಪೊದೆಯಾಚೆ ಎಲ್ಲೋ ರೆಕ್ಕೆಯ ಭರ್ರೆನ್ನುವ ಸದ್ದು, ಹಕ್ಕಿ ಹೋಯಿತು. ಅಕ್ಕಾ, ಬುಧವಾರ ಆರು ಸಲ ಫೋನ್ ಮಾಡ್ದೆ, ಎತ್ಲಿಲ್ವಲ್ಲ. ನೀನು ಅಂತ ಗೊತ್ತಿತ್ತು ಕಣೋ.

ಸರಿ, ಹೋಗು ಎಂದಳು, ಟೂಲಿ ಹಾರಿತು, ಕ್ಷಣದಲ್ಲಿ ಎಳೆ ಆಸ್ಪೆನ್ ಮರಗಳ ನಡುವೆ ಬಿಳಿ ಚೂರು, ಆಮೇಲೆ ಅದೂ ಇಲ್ಲ, ಗಂಟೆ ಮಾತ್ರ, ಟಿಣಿ ಟಿಣಿ ಟಿಣಿ, ಸೈಮಾ ಕೋವಿಯನ್ನು ತೋಳ ಮೇಲಿಟ್ಟು ಹಿಂದೆ ನಡೆದಳು, ಕಾಲ ಕೆಳಗೆ ಹಳದಿ ಎಲೆ, ಎಲೆಯ ಕೆಳಗೆ ಕೆಸರು, ಕೆಸರಿನ ಕೆಳಗೆ ಬೇರು, ಈ ಕಾಡು ಮರ್ಯಾದೆಯಿಂದ ಒಂದು ಹೆಜ್ಜೆ ಕೊಡುವುದಿಲ್ಲ, ಇರಲಿ, ಗಂಟೆ ಎಡಕ್ಕಿದೆ, ಮುಂದಿದೆ, ನೋಡು ಹೇಗೆ ಓಡುತ್ತಿದೆ ಪೆದ್ದುಮುಂಡೇದು, ವಾಸನೆ ಹಿಡಿಯದೆ ಮೆರವಣಿಗೆ ಹೊರಟಿದೆ, ನಿಲ್ಲು ಟೂಲಿ, ಈ ಒಂದು ಸಲ ನಿಲ್ಲು, ಅವನ ಗಾಡಿ ಹತ್ತಬೇಡ, ಅವನು ನಿನ್ನನ್ನು ಸೋಫಾದ ಮೇಲೆ ಕೂರಿಸಿ ಐಸ್ ಹಾಕಿ ನೀರು ಕೊಡುತ್ತಾನೆ — ಅಕ್ಕಾ! ರಸ್ತೆಯಲ್ಲೇ ಉಳಿದಿದ್ದ ಆರ್ವಿಡ್‌ನ ಕೂಗು. ನಿಂತಿದೆ ಅಕ್ಕಾ! ನಿನ್ನ ಹಿಂದೆ! ಬಲಗಡೆ! ಓಡ್ತಾ ಇದೆ ಕಣೋ, ಕಿವಿ ಇಲ್ವಾ ನಿಂಗೆ? ಪೆಟ್ಟಿಗೆ ನಡುಗ್ತಾ ಇದೆ! ಒಂದು ಬಿಸ್ಕತ್ ಹಾಕು, ಸುಮ್ಮನಾಗುತ್ತೆ! ನಡೆದಳು, ಕೊಳೆತ ದಿಮ್ಮಿ ದಾಟಿದಳು, ತೊರೆ ದಾಟಿದಳು, ಗಂಟೆ ಮುಂದೆಯೇ, ಅಷ್ಟೇ ದೂರದಲ್ಲಿ, ಟಿಣಿ ಟಿಣಿ ಟಿಣಿ, ಅಷ್ಟೇ ದೂರದಲ್ಲಿ, ದಿಮ್ಮಿಯ ಬಳಿ ಎಷ್ಟು ದೂರವಿತ್ತೋ ತೊರೆಯ ಬಳಿಯೂ ಅಷ್ಟೇ, ಒಂದು ತಾಳವೂ ತಪ್ಪದೆ, ನಾಯಿಯ ಗಂಟೆ ಹಾಗೆ ಬಾರಿಸುವುದಿಲ್ಲ, ನಾಯಿ ಮರ ಸುತ್ತುತ್ತದೆ, ಮುಗ್ಗರಿಸುತ್ತದೆ, ಮೈ ಕೊಡವುತ್ತದೆ, ನೀರು ಕುಡಿಯುತ್ತದೆ, ಗಂಟೆ ಎಡವುತ್ತದೆ, ಇದು ಎಡವುತ್ತಿಲ್ಲ. ಸೈಮಾ ನಿಂತಳು. ಕೋವಿಯನ್ನು ಬರ್ಚ್ ಮರಕ್ಕೆ ಒರಗಿಸಿ, ಉಣ್ಣೆಯ ಟೋಪಿ ಕಿತ್ತು, ಎರಡು ಅಂಗೈಯಿಂದ ಎರಡು ಕಿವಿಯನ್ನೂ ಬಿಗಿಯಾಗಿ ಮುಚ್ಚಿಕೊಂಡಳು, ಕಾಡು ಅಡಗಿತು, ತೊರೆ ಅಡಗಿತು, ಗಂಟೆ ಇನ್ನೂ ಸ್ಪಷ್ಟವಾಗಿ ಬಾರಿಸತೊಡಗಿತು.

ಹಿಂದೆ, ಬಲಗಡೆ, ಅವನು ಹೇಳಿದ್ದು ಹಿಂದೆ ಬಲಗಡೆ, ಕೋವಿ ಎತ್ತಿಕೊಂಡು ತಿರುಗಿದಳು, ತೊರೆಯಲ್ಲಿ ಬೂಟಿನೊಳಗೆ ನೀರು ನುಗ್ಗಿತು, ನುಗ್ಗಲಿ, ಆಲ್ಡರ್ ಪೊದೆಯ ಕೊಂಬೆ ಕೆನ್ನೆಗೆ ಬಾರಿಸಿತು, ಬಾರಿಸಲಿ, ಎಷ್ಟು ದಿನದಿಂದ, ಆ ಮೂರು ಸಲವೂ ಹೀಗೆಯೇ ಏನು, ಮರಿ ಅಲ್ಲಿ ನಿಂತು ನಿಂತು ಕಾದು, ಯಾರೂ ಬಾರದೆ, ಕೊನೆಗೆ ತಾನೇ ಹಕ್ಕಿಯ ಮೇಲೆ ಬಿದ್ದಿತೇನು, ನಾನು ಅದನ್ನು ಪೆದ್ದು ಎಂದೆ, ಊರಿಗೆಲ್ಲ ಹಾಗೆಂದೆ, ಸೌನಾದ ಹಬೆಮನೆಯಲ್ಲಿ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾ ಎಲ್ಲರ ಮುಂದೆ ಎಂದೆ — ಅಗೋ. ಒಣ ಜರೀಗಿಡಗಳ ನಡುವೆ, ಬಾಲ ನೆಟ್ಟಗೆ, ಕತ್ತು ಮುಂದಕ್ಕೆ, ಎಡ ಮುಂಗಾಲು ಎತ್ತಿದ್ದು ಎತ್ತಿದ ಹಾಗೇ, ಅದೊಂದು ಕಾಲು ಮಾತ್ರ ಸಣ್ಣಗೆ ನಡುಗುತ್ತಿದೆ, ಕೊರಳ ಗಂಟೆಯ ಮೇಲೆ ಒಂದು ಹಳದಿ ಎಲೆ ಬಂದು ಕೂತಿದೆ, ಬಿದ್ದಿಲ್ಲ. ಸೈಮಾ ಅದರ ಪಕ್ಕದಿಂದ ಮುಂದೆ ಹೋದಳು, ಎಲೆರಾಶಿಯೊಳಗಿಂದ ಉದ್ದ ಕೊಕ್ಕಿನ ಕಂದು ಹಕ್ಕಿ ಬಿರ್ರನೆ ಎದ್ದಿತು, ಒಂದೇ ತೋಟಾ, ಬಿತ್ತು, ಅಷ್ಟಾದರೂ ಬರುತ್ತದೆ ನನಗೆ, ಟೂಲಿ ಹೋಗು ಎನ್ನುವವರೆಗೂ ಕದಲಲಿಲ್ಲ. ಪೊದೆ ಮುರಿದುಕೊಂಡು ಆರ್ವಿಡ್ ಬಂದ, ಏದುಸಿರು, ಅಕ್ಕಾ, ಹತ್ತೊಂಬತ್ತು ನಿಮಿಷ! ಹತ್ತೊಂಬತ್ತು ನಿಮಿಷ ನಿಂತಿದೆ ಅದು! ಬೇಕಂತಲೇ ಬಿಟ್ಟೆ ಅಲ್ವಾ ನೀನು, ಎಷ್ಟೊತ್ತು ನಿಲ್ಲುತ್ತೆ ಅಂತ ಪರೀಕ್ಷೆ ಮಾಡ್ದೆ, ನಂಗೊತ್ತಿತ್ತು, ಇಂಥ ಗುಂಡಿಗೆ ಇನ್ಯಾರಿಗಿದೆ, ಆ ಕಾಗದ ಇವತ್ತೇ ಒಲೆಗೆ ಹಾಕ್ತೀನಿ. ನೋಡು, ಸುಳ್ಳನ್ನೂ ಅವನೇ ಮಾಡಿ ತಟ್ಟೆಗೆ ಬಡಿಸುತ್ತಿದ್ದಾನೆ, ನಾನು ನುಂಗಿದರೆ ಸಾಕು, ಮನೆಗೆ ಹೋಗಬಹುದು, ನಾಯಿಯೂ ಬರುತ್ತದೆ, ಹೆಸರೂ ಬರುತ್ತದೆ, ಇಷ್ಟು ಸುಲಭವಾಗಿ ನಂಬುವವನನ್ನು ಈ ಭೂಮಿ ಯಾಕೆ ಹೊತ್ತುಕೊಂಡಿದೆಯೋ, ಮತ್ತೇನಂದ್ಕೊಂಡೆ ಎನ್ನಲು ಬಾಯಿ ತೆರೆದಳು — ಟೂಲಿ ಹಕ್ಕಿಯನ್ನು ಕೈಗಿತ್ತು ಎಲೆಯ ಮೇಲೆ ಮಲಗಿದೆ, ಎಡ ಮುಂಗಾಲನ್ನು ನೆಲಕ್ಕೆ ಊರದೆ, ಮಡಚಿ, ನೆಕ್ಕುತ್ತಿದೆ, ಇನ್ನೂ ನಡುಗುತ್ತಿದೆ ಅದು. ಪರೀಕ್ಷೆಯೂ ಇಲ್ಲ ಮಣ್ಣೂ ಇಲ್ಲ, ನಂಗೆ ಕೇಳಿಸ್ಲಿಲ್ಲ ಕಣೋ. ಏನಕ್ಕಾ? ಗಂಟೆ ನಿಂತದ್ದು ಕೇಳಿಸ್ಲಿಲ್ಲ, ನನ್ನ ತಲೆಯಲ್ಲಿ ನಿಲ್ಲೋದೇ ಇಲ್ಲ ಅದು, ಈಗ್ಲೂ ಹೊಡ್ಕೊಳ್ತಿದೆ, ನಾಯಿ ಸರಿಯಾಗೇ ಇದೆ, ಕರ್ಕೊಂಡು ಹೋಗೋದಾದ್ರೆ ಹೋಗು, ಇಲ್ಲಾಂದ್ರೆ ಕೊಡು ಇಲ್ಲಿ. ಏನು ಕೊಡ್ಲಿ? ನಿನ್ನ ಟಿವಿ. ಆರ್ವಿಡ್ ನಗಲಿಲ್ಲ, ನಗಬಹುದಿತ್ತು, ಅರವತ್ತು ವರ್ಷದಿಂದ ಬಾಕಿ ಇದ್ದ ನಗು, ಅದಕ್ಕೂ ಇವನಿಗೆ ಬುದ್ಧಿ ಸಾಲದು, ಕೈಗವಸು ಕಳಚಿ ಅವಳ ಅಂಗೈಯಲ್ಲಿ ಪೆಟ್ಟಿಗೆಯಿಟ್ಟು, ಈ ಗುಂಡಿ ಒತ್ತಿದ್ರೆ ದೂರ, ಇದು ದಿಕ್ಕು, ಎಂದು ಮಗುವಿಗೆ ಹೇಳುವ ಹಾಗೆ ಹೇಳಿದ, ಅವಳು ಕೇಳಿಸಿಕೊಳ್ಳಲಿಲ್ಲ, ಕಾಲು, ಎತ್ತಿದ ಕಾಲು, ಹತ್ತೊಂಬತ್ತು ನಿಮಿಷ ಯಾರೂ ಬಾರದೆ ಗಾಳಿಯಲ್ಲಿ ನಿಂತ ಕಾಲು, ತೊರೆ ದಾಟುವಾಗಲೂ ಎತ್ತಿತ್ತು, ಬಿಸ್ಕತ್ ಹಾಕು ಎಂದಾಗಲೂ ಎತ್ತಿತ್ತು, ಬಿಳಿ, ಸಣ್ಣಗೆ ನಡುಗುವ, ಕೆಳಗಿಡದ ಆ ಕಾಲು —

ಟೂಲಿ ಸೈಮಾಳ ಮನೆಗೇ ಹೋಯಿತು.