ಮಾವನ ಮೇಕೆ

"ಏಯ್ ಪಳನಿಯಮ್ಮ, ಮೋರೆ ತೊಳ್ಕಂಬಾರೇ ಮುಂಡೆ! ಎಸ್ಪಿ ಸಾಯೇಬ್ರಿಗೆ ಮರಗೆಣಸಿನ ಮಣ್ಣಲ್ಲೇ ಆರ್ತಿ ಎತ್ತುತೀಯಾ?"

ಓಮಲೂರಿನ ಆಚೆಯ ಆ ಸಬ್ಬಕ್ಕಿ ಮಿಲ್ಲಿನಲ್ಲಿ ಮೇಸ್ತ್ರಿ ಮುನಿರಾಜನ ಬಾಯಿಗೆ ಬೀಗವಿರಲಿಲ್ಲ. ಪಳನಿಯಮ್ಮ ಸಿಪ್ಪೆ ಹೆರೆಯುವ ಕತ್ತಿ ಕೆಳಗಿಟ್ಟಳು.

"ನಾನ್ಯಾಕೆ? ಬ್ಯಾರೆ ಯಾರೂ ಇಲ್ವಾ?"

"ಕಂಪ್ಲೇಂಟು ಕೊಟ್ಟೋಳೇ ಆರ್ತಿ ಎತ್ತಿದ ಫೋಟೋ ಓನರ್ರಿಗೆ ಬೇಕಂತೆ. ಹಲ್ಲು ಕಿರ್ಕೊಂಡು ನಿಂತ್ಕೋ, ಅಷ್ಟೇ."

ಮೂರು ತಿಂಗಳ ಹಿಂದೆ ಇದೇ ಮಿಲ್ಲಿನ ಗೆಣಸು ಅರೆಯುವ ಯಂತ್ರ ಅವಳ ಮಗಳು ಜೀವಿತಾಳ ಎರಡು ಬೆರಳು ನುಂಗಿತ್ತು. ಯಂತ್ರಕ್ಕೆ ಮುಚ್ಚಳವೇ ಇರಲಿಲ್ಲ. ಮಾಲೀಕ ಗಣೇಶನ್ ಮೇಲಿನ ದೂರನ್ನು ಹಳೆಯ ಎಸ್ಪಿ ಕೈಗೆತ್ತಿಕೊಂಡರು, ಕೈಗೆತ್ತಿಕೊಂಡ ವಾರಕ್ಕೇ ಅವರಿಗೆ ವರ್ಗವಾಯಿತು. ಹೊಸಬರನ್ನು ಆರಿಸಲು ಚೆನ್ನೈಯಲ್ಲಿ ಕೂತವರಲ್ಲಿ ಗಣೇಶನ್‌ನ ಮಂತ್ರಿ ಅಣ್ಣನೂ ಒಬ್ಬ. ರಾಜ್ಯವೆಲ್ಲ ಜಾಲಾಡಿ ಅವರು ಕಂಡುಹಿಡಿದ ಯೋಗ್ಯ ಅಧಿಕಾರಿ ಸತೀಶ್‌ಕುಮಾರ್, ಗಣೇಶನ್‌ನ ಸ್ವಂತ ಅಳಿಯ. ಬೇಲಿ ಎದ್ದು ಹೊಲ ಮೇಯುವುದನ್ನು ಪಳನಿಯಮ್ಮ ಕೇಳಿದ್ದಳು. ಆ ಬೇಲಿಗೆ ಆರತಿ ಬೇರೆ ಎತ್ತಬೇಕಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಜೀಪು ಬಂತು. ಸಾಹೇಬರು ಇಳಿದರು. ಒಂಬತ್ತು ಹೆಂಗಸರು ತಟ್ಟೆ ಹಿಡಿದು ನಿಂತಿದ್ದರು, ಕರ್ಪೂರ ಉರಿಯುತ್ತಿತ್ತು.

"ನಮ್ ನಲ್ಲಂಪಳ್ಳಿ ಕಡೆ ಒಂದು ಶಾಸ್ತ್ರ ಐತೆ ಸಾಮಿ," ಎಂದಳು ಪಳನಿಯಮ್ಮ. "ಹೊಲದ ಕಾವ್ಲಿಗೆ ಆಳು ಹಾಕೋವಾಗ ಊರ ಮುಂದೆ ಮೇಕೆ ಐತಾ ಅಂತ ಕೇಳ್ತೀವಿ. ಅವಂದೋ ಅವನ ನೆಂಟರದೋ ಮೇಕೆ ಇದ್ರೆ ಆ ಕಡೆ ಹೊಲದ ಕಾವ್ಲು ಅವನಿಗೆ ಕೊಡಾಕಿಲ್ಲ. ನಿಮ್ದು ಮೇಕೆ ಐತಾ?"

ಹಳ್ಳಿಯವರ ಮುಗ್ಧತೆಗೆ ಸಾಹೇಬರು ಕರಗಿಹೋದರು. "ಇಲ್ಲಮ್ಮಾ."

"ನಿಮ್ ಮಾವಂದು?"

"ಮಾವನಿಗೆಲ್ಲಿ ಮೇಕೆ? ಅವರದು ಈ ಮಿಲ್ಲು!"

"ಅದೇ ಸಾಮಿ. ಆ ಮಿಲ್ಲೇ ನನ್ ಮಗಳ ಬೆರಳು ಮೇಯ್ದಿರೋದು. ಈ ಹೊಲಕ್ಕೆ ನೀವು ಕಾವ್ಲು ಆಗಾಕಿಲ್ಲ." ಸೊಂಟದಿಂದ ದೂರಿನ ಪ್ರತಿ ಎಳೆದು, ಅದರ ಖಾಲಿ ಹಿಂಬದಿ ತಿರುಗಿಸಿ ಚಾಚಿದಳು. "ಈ ಕೇಸು ಬ್ಯಾರೆ ಜಿಲ್ಲೆ ಆಫೀಸರಿಗೆ ಕೊಡ್ಬೇಕು ಅಂತ ಇಲ್ಲಿ ಬರ್ದು ಕೊಡಿ. ಆಮೇಲೆ ಆರ್ತಿ ಎತ್ತುತೀನಿ."

ಸಾಹೇಬರ ನಗು ಮೀಸೆಯಲ್ಲೇ ಸತ್ತಿತು. ಪಕ್ಕದಲ್ಲೇ ನಿಂತಿದ್ದ ಗಣೇಶನ್ ಮುಖ ಬೇಯಿಸಿದ ಗೆಣಸಿನಂತಾಯಿತು.

"ಏನೇ ತಿಮಿರು ನಿಂಗೆ? ಎತ್ತೇ ತಟ್ಟೆ, ಬೇವರ್ಸಿ!" ಎಂದು ಮುನಿರಾಜ ಕಿರುಚಿದ.

ಪಳನಿಯಮ್ಮ ಎತ್ತಲಿಲ್ಲ, ಸಾಹೇಬರ ಬೂಟಿನ ಮುಂದೆ ಇಳಿಸಿದಳು. ಉಳಿದ ಎಂಟು ಹೆಂಗಸರೂ ಅವರ ಸುತ್ತ ತಟ್ಟೆ ಇಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಫೋಟೋಗೆಂದು ಗಣೇಶನ್ ಕರೆಸಿದ್ದವರು ಫೋಟೋ ಹೊಡೆಯುತ್ತಲೇ ಇದ್ದರು. ಅಷ್ಟು ಜನರೆದುರು ಉರಿಯುವ ಆರತಿ ದಾಟುವ ಗಂಡಸು ಸೇಲಂ ಜಿಲ್ಲೆಯಲ್ಲಿ ಹುಟ್ಟಿಲ್ಲ. ಸಾಹೇಬರು ಒಂದು ಕಾಲೆತ್ತಿದರು, ಮತ್ತೆ ಅಲ್ಲೇ ಇಟ್ಟರು. ಡ್ರೈವರ್ ಸೆಲ್ವಕುಮಾರ್ ಮೆಲ್ಲಗೆ ಎಂಜಿನ್ ಆರಿಸಿದ.

ಜೀವಿತಾ ಉಳಿದ ಮೂರು ಬೆರಳಲ್ಲಿ ಕರ್ಪೂರ ಹಿಡಿದು, ಆರುತ್ತಿದ್ದ ತಟ್ಟೆಗಳಿಗೆಲ್ಲ ಹಾಕುತ್ತ ಬಂದಳು.

"ಇನ್ನೂ ಒಂದು ಡಬ್ಬಿ ಐತೆ ಸಾರ್. ನಿಧಾನವಾಗಿ ಬರೀರಿ."