ಗೊತ್ತಾಗಿದ್ದು ಯಾವಾಗ

ಮದುವೆಯಾಗಿ ಮೈಸೂರಿನಿಂದ ಪರ್ತ್‌ಗೆ ಬಂದಿಳಿದ ವಾರದಲ್ಲೇ ಕವನಾಳ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ, ಒಂದು ಇ-ಮೇಲ್ ಶುರುವಾದವು. ಎರಡನ್ನೂ ತೆರೆದವನು ಗಂಡ ವೇಣುಗೋಪಾಲ. ಎರಡಕ್ಕೂ ಪಾಸ್‌ವರ್ಡ್ ಇಟ್ಟವನೂ ಅವನೇ. ಕವನಾ ಓದುಬರಹ ಬಾರದವಳೇನಲ್ಲ, ಬಿ.ಎಸ್ಸಿ. ಪಾಸಾದವಳು. ಆದರೆ "ಇವೆಲ್ಲ ನಾನು ನೋಡ್ಕೋತೀನಿ, ನೀನ್ಯಾಕೆ ತಲೆ ಕೆಡಿಸ್ಕೋತೀಯ" ಎಂದು ಅವನು ಅಂದ, ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಇದಕ್ಕೆ ಅನ್ಯೋನ್ಯ ದಾಂಪತ್ಯ ಎಂದು ಹೆಸರು. ಅವಳ ಪಾಲಿಗೆ ಬಂದ ಕೆಲಸ ಒಂದೇ. ಅವನು ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು "ಒಟಿಪಿ ಬಂತಾ?" ಎಂದು ಕೂಗಿದಾಗ, ಇವಳು ಅಡುಗೆಮನೆಯಲ್ಲಿ ಫೋನ್ ನೋಡಿ ಆರು ಅಂಕಿ ಓದಿ ಹೇಳಬೇಕು.

ಅದೆಲ್ಲ ಆಗಿ ಹದಿಮೂರು ವರ್ಷವಾಯಿತು. ಪರ್ತ್‌ನಿಂದ ಅಡಿಲೇಡ್‌ನ ಮಾಸನ್ ಲೇಕ್ಸ್‌ಗೆ, ಅಲ್ಲಿಂದ ಬ್ರಿಸ್ಬೇನ್ ಕಡೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ಗೆ, ಅವನ ಕೆಲಸ ಹೋದ ಕಡೆಗೆಲ್ಲ ಸಂಸಾರವೂ ಹೋಯಿತು. ಮೂರೂ ಊರಿನಲ್ಲಿ ಅವಳು ಮಾಡಿದ್ದು ವೃದ್ಧಾಶ್ರಮದ ಸಹಾಯಕಿಯ ಕೆಲಸ. ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸುವುದು, ತಿನ್ನಿಸುವುದು, ಮಗ್ಗುಲು ಬದಲಿಸುವುದು. ನರ್ಸ್ ಬಂದು ಮಾತ್ರೆ ಕೊಟ್ಟು ಸಹಿ ಹಾಕಿ ಹೋಗುವಾಗ ಇವಳು ಮಂಚದ ಈ ಕಡೆ ಟವೆಲ್ ಹಿಡಿದು ನಿಂತಿರುತ್ತಿದ್ದಳು. ತಾನೂ ನರ್ಸ್ ಆಗಬೇಕು ಅನ್ನುವುದು ಅವಳ ಒಂದೇ ಆಸೆ. ಪರ್ತ್‌ನಲ್ಲಿ ಒಮ್ಮೆ ಸೀಟು ಸಿಕ್ಕಿತ್ತು, ದುಡ್ಡಿಲ್ಲದೆ ಬಿಟ್ಟಿದ್ದಳು. ಈ ವರ್ಷ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಮತ್ತೆ ಸಿಕ್ಕಿತು. ವರ್ಷದ ಕೊನೆಯೊಳಗೆ ಮೊದಲ ಕಂತು ನಾಲ್ಕು ಸಾವಿರ ಡಾಲರ್ ಕಟ್ಟಬೇಕು. ಮನೆ ಸಾಲದ ಕಂತು ಕಳೆದು, ಕಾರಿನ ಕಂತು ಕಳೆದು ಉಳಿಯುವುದರಲ್ಲಿ ಅದು ಆಗದ ಮಾತು. "ಮುಂದಿನ ವರ್ಷ ನೋಡೋಣ" ಎಂದ ವೇಣುಗೋಪಾಲ. ಪ್ರತಿ ವರ್ಷವೂ ಅವನು ಅನ್ನುವುದು ಅದನ್ನೇ.

ಇಂಥ ಹೊತ್ತಿನಲ್ಲಿ ಕನ್ನಡ ಸಂಘದ ಊಟದಲ್ಲಿ ಅದಿತಿ ಸಿಕ್ಕಳು. ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವ ಬೆಂಗಳೂರಿನ ಹುಡುಗಿ. ಊಟ ಮುಗಿದು ಎಲ್ಲರಿಗೂ ಕಣ್ಣು ಎಳೆಯುತ್ತಿದ್ದಾಗ ಮೈಕ್ ಹಿಡಿದು, ತಮ್ಮಲ್ಲಿ ಪುಕ್ಕಟೆ ಕಾನೂನು ಸಲಹೆ ಸಿಗುತ್ತದೆ ಎಂದಳು. ಸಂಬಳದ ದಿನದವರೆಗೆ ಅಂತ ಕೊಡುವ ಕೈಸಾಲ, ಪೇಡೇ ಲೋನ್, ಅದನ್ನು ತೀರಿಸಲಾರದವರಿಗೆ ಒಂದರ ಮೇಲೊಂದು ಕೊಟ್ಟಿದ್ದರೆ ದೂರು ಕೊಡಬಹುದು, ವಸೂಲಿ ಮಾಡಿದ ಶುಲ್ಕ ವಾಪಸ್ ಬರಬಹುದು ಎಂದಳು. ಅರ್ಧ ಜನ ಪಾಯಸದ ಎರಡನೇ ಸುತ್ತಿಗೆ ಎದ್ದು ಹೋಗಿದ್ದರು. ಕವನಾ ಮಾತ್ರ ಅಲುಗಾಡದೆ ಕೂತು ಕೇಳಿದಳು.

ಹೋದ ವರ್ಷ ಹೊಸ ಫೋನ್ ತೆಗೆದುಕೊಂಡಾಗ ಅವಳು ಇ-ಮೇಲ್‌ಗೆ ತಾನೇ ಹೊಸ ಪಾಸ್‌ವರ್ಡ್ ಮಾಡಿಕೊಂಡಿದ್ದಳು. ಹಳೆಯದೆಲ್ಲ ಸುರಿದು ಬಂತು. ಅದರಲ್ಲಿ ಪರ್ತ್‌ನ ಒಂದು ಸಾಲದ ಕಂಪನಿಯ ಪತ್ರಗಳಿದ್ದವು. ಎರಡು ಸಾವಿರದ ಹದಿನಾರರ ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಹದಿನಾಲ್ಕು ಸಾಲ, ಎಲ್ಲವೂ ಅವಳ ಹೆಸರಿನಲ್ಲಿ, ಅವಳ ಸಂಬಳದ ಚೀಟಿಯ ಮೇಲೆ. ನೋಡಿದಳು, ಫೋನ್ ಕೆಳಗಿಟ್ಟಳು, ಹೋಗಿ ಅಕ್ಕಿ ತೊಳೆದಳು. ಏನೂ ಅನ್ನಿಸಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗಿತ್ತು.

ರಜೆಯ ದಿನ ರೈಲು, ಬಸ್ಸು ಹಿಡಿದು ಸೇಂಟ್ ಲೂಸಿಯಾಕ್ಕೆ ಹೋದಳು. ಪತ್ರಗಳನ್ನು ಓದುತ್ತಾ ಅದಿತಿಯ ಮುಖ ಕೆಂಪಾಯಿತು.

"ಆಂಟಿ, ಇದು ತುಂಬಾ ಅನ್ಯಾಯ. ಮೂರು ತಿಂಗಳಲ್ಲಿ ಎರಡು ಸಾಲ ಆಗ್ಲೇ ತಗೊಂಡಿರೋರಿಗೆ ಮೂರನೇದು ಕೊಡೋ ಮುಂಚೆ ಕಂಪನಿ ಹತ್ತು ಸಲ ಯೋಚ್ನೆ ಮಾಡ್ಬೇಕಿತ್ತು. ಇವ್ರು ಹದಿನಾಲ್ಕು ಕೊಟ್ಟಿದಾರೆ! ಶುಲ್ಕನೇ ನಾಲ್ಕು ಸಾವಿರದ ಮೇಲೆ ಕಿತ್ಕೊಂಡಿದಾರೆ."

ನಾಲ್ಕು ಸಾವಿರ ಎಂಬ ಮಾತು ಕವನಾಳ ಕಿವಿಗೆ ಬಿತ್ತು. ಮಿಕ್ಕದ್ದು ಬೀಳಲಿಲ್ಲ.

"ಒಂದೇ ತೊಂದ್ರೆ, ಆಂಟಿ. ಟೈಮ್ ಲಿಮಿಟ್. ಮೋಸ ಆಗಿದೆ ಅಂತ ನಿಮ್ಗೆ ಗೊತ್ತಾದ ದಿನದಿಂದ ಆರು ವರ್ಷದೊಳಗೆ ದೂರು ಕೊಡ್ಬೇಕು. ಸಾಲ ತಗೊಂಡ ದಿನದಿಂದ ಅಲ್ಲ, ಗೊತ್ತಾದ ದಿನದಿಂದ. ನಿಮ್ಗೆ ಗೊತ್ತಾಗಿದ್ದು ಯಾವಾಗ?"

"ಪತ್ರ ನೋಡಿದ್ದು ಹೋದ ವರ್ಷ," ಎಂದಳು ಕವನಾ.

ಅದಿತಿ ಬರೆದುಕೊಂಡಳು. ಆ ಹುಡುಗಿಯ ತಪ್ಪೇನಿಲ್ಲ. ಕೇಳಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಇದ್ದ ಸಂದು ಬಲು ಸಣ್ಣದು.

ಅಂದು ಸಂಜೆ ಕವನಾ ಗಂಡನಿಗೆ ವಿಷಯ ಹೇಳಿದಳು. ಅವನು ಎರಡು ದಿನ ಸೋಫಾದಲ್ಲಿ ಟೀವಿ ಹಾಕಿಕೊಂಡು ಕೂತ. ಮೂರನೆಯ ದಿನ ಟೀವಿ ಆರಿಸಿ ಎದುರಿಗೆ ಬಂದು ಕೂತ.

"ಗಣಿ ಕೆಲ್ಸ ಎಲ್ಲಾ ಬಿದ್ದೋಯ್ತಲ್ಲ ಆ ವರ್ಷ, ಏಪ್ರಿಲ್‌ನಲ್ಲೇ ನನ್ನ ತೆಗೆದ್ಬಿಟ್ರು. ನಿನ್ಗೆ ಹೇಳೋಕೆ ಮುಖ ಇರ್ಲಿಲ್ಲ. ದಿನಾ ಟ್ಯಾಗ್ ಹಾಕ್ಕೊಂಡು ಹೊರಡ್ತಿದ್ನಲ್ಲ, ಆಫೀಸಿಗಲ್ಲ, ಸಿಟಿ ಲೈಬ್ರರೀಲಿ ಕೂತಿರ್ತಿದ್ದೆ. ಎಂಟು ತಿಂಗ್ಳು. ತಿಂಗಳ ಕೊನೇಲಿ ಸಂಬಳ ಬಂತು ಅನ್ಬೇಕಲ್ಲ. ಅದಕ್ಕೆ ನಿನ್ನ ಹೆಸ್ರಲ್ಲಿ ಸಾಲ ತೆಗ್ದೆ. ನೀನು ಏನಾದ್ರೂ ಬೈಯಿ."

ಕವನಾಗೆ ಬೈಗುಳ ಬರಲಿಲ್ಲ, ಅಳುವೂ ಬರಲಿಲ್ಲ. ಬಸ್ಸಿನ ವೇಳಾಪಟ್ಟಿ ಕೇಳಿದವಳ ಹಾಗೆ ಕೇಳಿಕೊಂಡು, "ಊಟಕ್ಕೇಳಿ" ಎಂದಳು. ಪಾಪ, ಹೆಂಡತಿಗೆ ಆಘಾತವಾಗಿದೆ ಎಂದು ಅವನು ಅಂದುಕೊಂಡ.

ಅದಿತಿ ಕಳಿಸಿದ ದೂರಿಗೆ ಸಾಲದ ಕಂಪನಿ ಉತ್ತರ ಕೊಟ್ಟಿತು. ಒಂಬತ್ತು ವರ್ಷದ ಹಿಂದಿನ ಮಾತು, ಅವಧಿ ಮುಗಿದಿದೆ. ಮೇಲಾಗಿ ಹದಿನಾಲ್ಕೂ ಸಾಲಕ್ಕೆ ಒಟಿಪಿ ಹೋಗಿದ್ದು ಈಕೆಯ ಫೋನಿಗೇ, ಗೊತ್ತಿರಲಿಲ್ಲ ಅನ್ನುವುದು ಹೇಗೆ ಎಂದು. ಅದಿತಿ ಬಿಡುವ ಹುಡುಗಿಯಲ್ಲ. ದೂರನ್ನು ಮೇಲಿನ ವಿಚಾರಣಾ ಸಂಸ್ಥೆಗೆ ಒಯ್ದಳು. ಅಲ್ಲಿಯವರು, ಅವಧಿಯ ವಿಷಯ ಮೊದಲು ತೀರ್ಮಾನವಾಗಲಿ, ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳುತ್ತೇವೆ ಎಂದು ದಿನ ಕೊಟ್ಟರು.

"ಅಂಕಲ್ ಒಂದು ಹೇಳಿಕೆ ಬರ್ಕೊಟ್ರೆ ಕೇಸ್ ನಿಲ್ಲತ್ತೆ, ಆಂಟಿ. ನಾನೇ ಮಾಡಿದ್ದು, ಇವ್ರಿಗೆ ಹೇಳಿರ್ಲಿಲ್ಲ ಅಂತ. ಆದ್ರೆ ಅವ್ರು ಒಪ್ತಾರಾ?"

ಅವನು ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ರಾತ್ರಿ ಕೂತು ತಾನೇ ಟೈಪ್ ಮಾಡಿ, ಸಹಿ ಹಾಕಿ, ಅದಿತಿಗೆ ಕಳಿಸಿಬಿಟ್ಟ. ನಾಲ್ಕು ಜನರ ಎದುರು ಎಂದೂ ಸೋಲೊಪ್ಪದ ಮನುಷ್ಯ. ಅವನ ಮಟ್ಟಿಗೆ ಅದು ಮೀಸೆ ಬೋಳಿಸಿಕೊಂಡ ಹಾಗೆ. "ನಿನ್ನ ಸೀಟು ಹೋಗ್ಬಾರ್ದು," ಎಂದ. ಕವನಾ ಓದಲು ಕೇಳಲಿಲ್ಲ. ಕಾಗದ ಓದುವುದು ಅವನ ಕೆಲಸ ತಾನೆ.

ಫೋನ್ ಬಂದಿದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ. ಊಟದ ಮೇಜಿನ ಮೇಲೆ ಫೋನ್ ಸ್ಪೀಕರ್‌ನಲ್ಲಿ, ಒಂದು ಕಡೆ ಇವಳು, ಎದುರಿಗೆ ವೇಣುಗೋಪಾಲ. ಅದಿತಿ ತನ್ನ ಫೋನಿನಿಂದ ಸೇರಿಕೊಂಡಿದ್ದಳು. ವಿಚಾರಣೆಯ ಹೆಂಗಸಿನ ದನಿ ಮೆತ್ತಗಿತ್ತು. ಕನ್ನಡ ದುಭಾಷಿ ಬೇಕೇ ಎಂದು ಕೇಳಿದಳು. ಕವನಾ ಬೇಡ ಎಂದಳು.

"ನಿಮ್ಮ ಪತಿಯ ಹೇಳಿಕೆ ನನ್ನ ಮುಂದಿದೆ," ಎಂದಿತು ದನಿ. "ಒಂದೆರಡು ಸಾಲು ಓದುತ್ತೇನೆ, ಸರಿಯೇ ಹೇಳಿ. 'ನನ್ನ ಹೆಂಡತಿಗೆ ಈ ವಿಷಯಗಳು ಅರ್ಥವಾಗುವುದಿಲ್ಲ. ನಾನು ಕೇಳಿದಾಗ ಅವಳು ಫೋನಿನಲ್ಲಿದ್ದ ಅಂಕಿಗಳನ್ನು ಓದುತ್ತಿದ್ದಳು, ಅಷ್ಟೇ. ಅದು ಏನು, ಯಾಕೆ ಎಂದು ಯಾವತ್ತೂ ಅವಳ ತಲೆಗೆ ಹೋಗಲಿಲ್ಲ.' ಇದು ನಿಜವೇ?"

ಎದುರಿಗೆ ವೇಣುಗೋಪಾಲ ತಲೆ ಆಡಿಸಿದ. ಹೂಂ ಅನ್ನು ಎಂದು ಕೈಸನ್ನೆ ಮಾಡಿದ. ಒಂದು ಹೂಂ, ಅಷ್ಟು ಅಂದರೆ ಸಾಕಿತ್ತು. ಕಟ್ಟಬೇಕಾದ ಕಂತು, ಹೊಸ ವರ್ಷದ ತರಗತಿ, ಮಂಚದ ಆ ಕಡೆಯ ಜಾಗ, ಎಲ್ಲ ಆ ಒಂದು ಹೂಂನಲ್ಲಿತ್ತು.

ಕವನಾಗೆ ಸಿಟ್ಟು ಬಂತು. ಎಷ್ಟು ವರ್ಷಗಳ ಮೇಲೋ ಬಂತು. ಬಂದಾಗ ಗುರುತೇ ಸಿಗಲಿಲ್ಲ, ಜ್ವರವೇನೋ ಅಂದುಕೊಂಡಳು. ಸಾಲಕ್ಕಲ್ಲ, ಸುಳ್ಳಿಗಲ್ಲ. ತಲೆಗೆ ಹೋಗಲಿಲ್ಲ ಅಂದನಲ್ಲ, ಅದಕ್ಕೆ.

"ನಿಜ ಅಲ್ಲ," ಎಂದಳು ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಇಟ್ಟು. "ನನಗೆ ಗೊತ್ತಿತ್ತು."

"ಆಂಟಿ?" ಎಂದಳು ಅದಿತಿ.

"ಯಾವಾಗ ಗೊತ್ತಾಯಿತು?" ದನಿ ಕೇಳಿತು.

"ಎರಡು ಸಾವಿರದ ಹದಿನಾರು, ಸೆಪ್ಟೆಂಬರ್ ನಾಲ್ಕು. ಅವತ್ತು ನಮ್ಮ ಗೌರಿ ಹಬ್ಬ. ಕೈಗೆಲ್ಲ ಹೂರಣ ಮೆತ್ತಿತ್ತು. ತೊಳೆದುಕೊಂಡು ಬಂದು ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಪರದೆ ಆರಿತ್ತು, ಮೆಸೇಜ್ ಪೂರ್ತಿ ತೆರೆಯಬೇಕಾಯಿತು, ಅದಕ್ಕೇ ಅಂಕಿಯ ಮೇಲಿದ್ದದ್ದನ್ನೂ ಓದಿದೆ. ನಿಮ್ಮ ಸಾಲದ ಅರ್ಜಿಗೆ ಎಂದಿತ್ತು. ಪತ್ರಗಳ ಲೆಕ್ಕದಲ್ಲಿ ಅದು ಏಳನೆಯದು. ಆರು ಅಂಕಿ ಓದಿ ಹೇಳಿದೆ. ಅದಾದ ಮೇಲೆ ಇನ್ನೂ ಏಳು ಓದಿದ್ದೇನೆ."

"ಅವರು ನಿಮ್ಮನ್ನು ಹೆದರಿಸಿದ್ದರೇ? ಈಗ ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ?"

"ಇಲ್ಲ."

ಆ ಕಡೆ ಕೀಲಿಮಣೆ ಟಕಟಕ ಎಂದಿತು. ಆಮೇಲೆ ದನಿ, ಅಷ್ಟೇ ಮೆತ್ತಗೆ, ಹಾಗಿದ್ದರೆ ಆರು ವರ್ಷದ ಅವಧಿ ಎರಡು ಸಾವಿರದ ಇಪ್ಪತ್ತೆರಡರಲ್ಲೇ ಮುಗಿದಿದೆ, ದೂರನ್ನು ಬಹುಶಃ ಮುಚ್ಚಬೇಕಾಗುತ್ತದೆ, ವಾರದೊಳಗೆ ಪತ್ರ ಬರುತ್ತದೆ ಎಂದಿತು. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದೂ ಹೇಳಿತು. ಅದಿತಿ ಏನನ್ನೋ ಹೇಳಹೊರಟು, "ಆಮೇಲೆ ಮಾಡ್ತೀನಿ, ಆಂಟಿ" ಎಂದು ಇಟ್ಟಳು.

ಸೀಟು ಹೋಯಿತು ಎಂದು ಕವನಾ ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿಕೊಂಡಳು. ನೋವಾಗಲಿ ಎಂದು ಕಾದಳು, ಆಗಲಿಲ್ಲ. ಬಂದಿದ್ದ ಸಿಟ್ಟೂ ಎದ್ದು ಹೋಗಿತ್ತು. ವೇಣುಗೋಪಾಲ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಒಂಬತ್ತು ವರ್ಷ ಅವನು ಜೋಪಾನ ಮಾಡಿಕೊಂಡು ಬಂದಿದ್ದು ಒಂದೇ: ಆ ಎಂಟು ತಿಂಗಳು ಹೆಂಡತಿಯ ಕಣ್ಣಿನಲ್ಲಿ ತಾನು ದುಡಿಯುವ ಗಂಡನಾಗಿದ್ದೆ ಅನ್ನುವುದು.

"ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ವಲ್ಲೇ," ಎಂದ ಕೊನೆಗೆ.

"ಕೇಳಿದ್ರೆ ನೀವು ಹೇಳ್ಬೇಕಾಗಿತ್ತಲ್ಲ."

ಅವನು ಅವಳ ಮುಖವನ್ನೇ ನೋಡಿದ. ಅವನಿಗೆ ಇನ್ನೂ ಏನೋ ಲೆಕ್ಕ ಸಿಗುತ್ತಿರಲಿಲ್ಲ.

"ಮತ್ತೆ ದಿನಾ ಬೆಳಿಗ್ಗೆ ಡಬ್ಬಿ ಕಟ್ಕೊಡ್ತಿದ್ದೆಯಲ್ಲ, ಆಫೀಸಿಗೆ ಅಂತ?"

"ಬಸ್ಸಲ್ಲಿ ಡ್ಯೂಟಿಗೆ ಹೋಗ್ತಾ ನಿಮ್ಮನ್ನ ಲೈಬ್ರರಿ ಮೆಟ್ಲ ಮೇಲೆ ನೋಡಿದ್ದೆ," ಎಂದಳು ಕವನಾ. "ಮಾರನೇ ದಿನದಿಂದ ಎರಡು ಚಪಾತಿ ಜಾಸ್ತಿ ಇಡ್ತಿದ್ದೆ. ಅಲ್ಲಿ ಕ್ಯಾಂಟೀನ್ ಇರ್ಲಿಲ್ವಲ್ಲ."